ಅರವತ್ತಮೂರನೆಯ ಸಾಲು

ಮೂರು ವಾರದಿಂದ ಮೋಸ ಮಾಡುತ್ತಿದ್ದೇನೆ ಎಂದು ಮರೈಕೆ ಡೈರಿಯಲ್ಲಿ ಬರೆದಳು. ಬರೆದದ್ದನ್ನು ಅಂಗೈಯಿಂದ ಮುಚ್ಚಿ ಅಡುಗೆಮನೆಯತ್ತ ನೋಡಿದಳು. ಅಲ್ಲಿ ಹೆಂಡ್ರಿಕ್ ಸಿಳ್ಳೆ ಹಾಕುತ್ತಾ ಪ್ಲಮ್ ಹಣ್ಣಿನ ಕೇಕ್ ಕತ್ತರಿಸುತ್ತಿದ್ದ. ಗಂಟೆ ಎರಡೂವರೆ. ಇನ್ನು ಅರ್ಧ ಗಂಟೆ.

ಭಾನುವಾರ ಮೂರಕ್ಕೆ ಬರ್ಲಿನ್‌ನ ಯಾವ ಮನೆಗೆ ಹೋದರೂ ಕಾಫಿ, ಕೇಕು. ಈ ಮನೆಯಲ್ಲಿ ಅದರ ಜೊತೆಗೆ ಒಂದು ನೀಲಿ ನೋಟ್‌ಬುಕ್.

ಎರಡು ವರ್ಷದ ಹಿಂದೆ ಇಬ್ಬರೂ ಇದೇ ಮೇಜಿಗೆ ಕೂತು ಹನ್ನೊಂದು ನಿಯಮ ಬರೆದಿದ್ದರು. ಯಾರು ಹೇಳುವವರು, ಯಾರು ಕೇಳುವವರು, ತಪ್ಪಿದರೆ ಏನು ಶಿಕ್ಷೆ, ಯಾವುದು ಎಂದೆಂದಿಗೂ ಬೇಡ. ಚರ್ಚಿಸಿ, ನಕ್ಕು, ಒಮ್ಮೆ ಜಗಳವನ್ನೂ ಆಡಿ ಸಹಿ ಹಾಕಿದ್ದರು. ಆರು ತಿಂಗಳಿಗೊಮ್ಮೆ ಅದನ್ನು ಹೊಸದಾಗಿ ಬರೆಯುತ್ತಿದ್ದರು. ಇಬ್ಬರಲ್ಲಿ ಯಾರು 'ಮೂಲಂಗಿ' ಎಂದರೂ ಎಲ್ಲವೂ ಅಲ್ಲಿಗೇ ನಿಲ್ಲಬೇಕು. ಭಾನುವಾರದ ಆ ಒಂದು ಗಂಟೆ ಮಾತ್ರ ಕೇಳುವವರು ಹೇಳುವವರಿಗೆ 'ನೀವು' ಎನ್ನಬೇಕು.

ನಾಲ್ಕನೆಯ ನಿಯಮ ನೋಟ್‌ಬುಕ್ಕಿನದು. ವಾರಕ್ಕೆ ನೂರು ಸಾಲು, ಒಂದೇ ವಾಕ್ಯ, ಕೈಬರಹ. ಭಾನುವಾರದೊಳಗೆ ಕೊನೆಯ ಸಾಲಿನವರೆಗೂ ಮುಗಿದು, ಕೆಳಗೆ ಕೆಂಪು ಶಾಯಿಯ ಸಹಿ ಬಿದ್ದಿರಬೇಕು. ಮೊದಲ ವಾರ ಅವಳಿಗೆ ಜ್ವರ. ಎರಡನೆಯ ವಾರ ಪತ್ರಾಗಾರದಲ್ಲಿ ಉಸಿರಾಡಲಾಗದಷ್ಟು ಕೆಲಸ. ಮೂರನೆಯ ವಾರಕ್ಕೆ ನೆಪವೇ ಸಿಗಲಿಲ್ಲ, ಬರೀ ಸೋಮಾರಿತನ. ಸಹಿ ಮಾತ್ರ ಮೂರು ವಾರವೂ ಬಿದ್ದಿತ್ತು. ಸಿಕ್ಕಿಬಿದ್ದಿರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಬಾಗಿಲ ಹಿಂದೆ ಮೊಳೆಗೆ ಚರ್ಮದ ಪಟ್ಟಿ ತೂಗುತ್ತಿತ್ತು. ಅವಳ ಭಯ ಅದರದ್ದಲ್ಲ. ಅಂಗಡಿಯಲ್ಲಿ ಅರ್ಧ ಗಂಟೆ ನಾಚಿ ನಿಂತು ಅದನ್ನು ಆರಿಸಿ ತಂದವಳೇ ಅವಳು. ಭಯವೆಲ್ಲ ಹೆಂಡ್ರಿಕ್‌ನ ಸಿಳ್ಳೆಯದು.

ಹೆಂಡ್ರಿಕ್ ಟ್ರಾಮ್ ಚಾಲಕ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಮರೈಕೆ ಅವನ ಭುಜಕ್ಕೂ ಬರುವುದಿಲ್ಲ; ಬೇಕರಿಯಲ್ಲಿ ಬೇರೆ ಯಾರದೋ ಬ್ರೆಡ್ ಕೊಟ್ಟರೂ ಥ್ಯಾಂಕ್ಸ್ ಹೇಳಿ ಮನೆಗೆ ತರುವವಳು. ಅಂಥ ಗಂಡಾಳು ಈಚೆಗೆ ದಿನವಿಡೀ ಸಿಳ್ಳೆ. ರೊಸ್ಟಾಕ್‌ನಿಂದ ಅವನ ತಾಯಿ ಮರೈಕೆಗೆ ಫೋನ್ ಮಾಡಿ, ನಿಮ್ಮ ಕಡೆಯವರು ಮೀನು ತಿನ್ನುತ್ತಾರಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಿಕ್ಕುತ್ತಾ ಇಟ್ಟುಬಿಟ್ಟಿದ್ದರು. ಮೊನ್ನೆ ಅವನ ಸಮವಸ್ತ್ರದ ಜೇಬಿನಲ್ಲಿ ನಗರ ಕಚೇರಿಯ ಚೀಟಿ ಸಿಕ್ಕಿತು: ಗುರುವಾರ, ಹನ್ನೊಂದು ಗಂಟೆ. ಆ ಕಚೇರಿಯಲ್ಲಿ ಹತ್ತು ನಿಮಿಷ ಸಿಗುವುದೇ ಪುಣ್ಯ, ಸುಮ್ಮನೆ ಯಾರೂ ಹೋಗುವುದಿಲ್ಲ. ವಿಳಾಸ ಬದಲಿಸುವವರು ಹೋಗುತ್ತಾರೆ. ಮನೆ ಬಿಟ್ಟು ಹೊರಡುವವರು.

ಅವನಿಗೆ ಗೊತ್ತಾಗಿದೆ. ಗೊತ್ತಾಗಿ, ನಿರಾಳವಾಗಿ ಹೊರಟಿದ್ದಾನೆ.

ಇವರಂಥ ಜೋಡಿಗಳು ತಿಂಗಳಿಗೊಮ್ಮೆ ಪಬ್ಬಿನ ಹಿಂಕೋಣೆಯಲ್ಲಿ ಸೇರುವುದಿತ್ತು. ಶುಕ್ರವಾರ ಅಲ್ಲಿ ಮರೈಕೆ ಅರವತ್ತು ದಾಟಿದ ಗಿಟ್ಟಾಳನ್ನು ಕೇಳಿದ್ದಳು: ನನ್ನ ಗೆಳತಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಮೋಸ ಮಾಡಿದ್ದಾಳೆ, ಏನು ಮಾಡಬೇಕು?

ಗಿಟ್ಟಾ ಕ್ರೋಶಾ ಕಡ್ಡಿ ನಿಲ್ಲಿಸಲಿಲ್ಲ. "ಪಟ್ಟಿ ಗಿಟ್ಟಿ ಎಲ್ಲ ಆಮೇಲಿನ ಮಾತು ಕಣೇ. ಶಿಸ್ತು ಅಂದ್ರೆ ಕೊಟ್ಟ ಮಾತು ಉಳಿಸ್ಕೊಳ್ಳೋದು, ಇಬ್ಬರೂ. ಅದು ಹೋದ್ರೆ ಉಳಿಯೋದು ಮೊಣಕಾಲು ನೋವು ಒಂದೇ. ಹೋಗಿ ಬಾಯಿಬಿಟ್ಟು ಹೇಳು ಅನ್ನು." ಆಮೇಲೆ ಕನ್ನಡಕದ ಮೇಲಿಂದ ನೋಡಿ, "ನಿನ್ನ ಗೆಳತಿ ಕೆನ್ನೆನೂ ಹಿಂಗೇ ಕೆಂಪಾಗುತ್ತಾ?" ಎಂದಿದ್ದಳು.

ಗಡಿಯಾರ ಮೂರು ಹೊಡೆಯಿತು.

ಹೆಂಡ್ರಿಕ್ ಕಾಫಿ ತಂದಿಟ್ಟ. ನೋಟ್‌ಬುಕ್ ತಂದಿಟ್ಟ. ಎದುರಿಗೆ ಬಂದು ನಿಂತ. ಅವನ ನೆರಳು ಕೇಕಿನ ಮೇಲೆ ಬಿತ್ತು.

ಮರೈಕೆ ತಟ್ಟೆಯನ್ನೇ ನೋಡುತ್ತಾ ಹೇಳಿದಳು. "ಮೂರು ವಾರದಿಂದ ನಾಲ್ಕನೇ ನಿಯಮ ಮುರಿದಿದೀನಿ."

"ಅದ್ಹೇಗೆ?" ಹೆಂಡ್ರಿಕ್ ಹುಬ್ಬೇರಿಸಿದ. "ಬರೆಯೋನು ನಾನು. ನೀವು ಓದಿ ಸಹಿ ಹಾಕಿದ್ರೆ ಮುಗೀತಲ್ಲ."

"ಓದಿಲ್ಲ."

"ಯಾವ ವಾರದ್ದು?"

"ಮೂರೂ. ಕಣ್ಣುಮುಚ್ಚಿ ಸಹಿ ಹಾಕಿದೆ. ನೀನು ರಾತ್ರಿ ಪಾಳಿ ಮುಗಿಸಿ ಬಂದು ಕೂತು ಬರೀತಿದ್ದೆ. ನಾನು ಒಂದು ಪುಟ ತಿರುವಿ ನೋಡಲಿಲ್ಲ."

ಅಪ್ಪಣೆ ಕೇಳದೆ ಅವನು ಎಂದೂ ಕೂರುವವನಲ್ಲ. ಈಗ ಕೂತುಬಿಟ್ಟ. ಕುರ್ಚಿ ಕಿರುಗುಟ್ಟಿತು. ಕತ್ತಿನಿಂದ ಮೇಲೇರಿದ ಕೆಂಪು ಕಿವಿಯವರೆಗೂ ಹೋಯಿತು.

"ಅಮ್ಮ ಎಂಬತ್ತು ಜನಕ್ಕೆ ಮೀನು ಹೇಳಿಬಿಟ್ಟಿದಾರೆ," ಎಂದ ಮೆಲ್ಲಗೆ.

ಮರೈಕೆ ತಲೆ ಎತ್ತಿದಳು. ಅವನು ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವಿ, ಜ್ವರದ ವಾರದ ಪುಟ ತೆರೆದು ಅವಳತ್ತ ತಳ್ಳಿದ. ತಿಂಡಿ ತಿನ್ನದೆ ಟ್ರಾಮ್ ಹತ್ತುವುದಿಲ್ಲ. ತಿಂಡಿ ತಿನ್ನದೆ ಟ್ರಾಮ್ ಹತ್ತುವುದಿಲ್ಲ. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಅರವತ್ತೆರಡು ಸಲ ಅದೇ. ಅರವತ್ತಮೂರನೆಯದು: ಮರೈಕೆ, ನನ್ನನ್ನು ಮದುವೆ ಆಗುತ್ತೀರಾ? ಅರವತ್ತನಾಲ್ಕರಿಂದ ಮತ್ತೆ ತಿಂಡಿ, ಟ್ರಾಮು. ಪುಟದ ಕೆಳಗೆ ಕೆಂಪು ಶಾಯಿ, ಅವಳದೇ ಅಕ್ಷರ: ಸರಿ. ಹೀಗೇ ಮುಂದುವರಿಯಲಿ.

"ನೀವು ಮೂಲಂಗಿ ಅನ್ನಬಹುದು," ಹೆಂಡ್ರಿಕ್ ಹೇಳಿದ. "ಮದುವೆ ನೋಂದಣಿಗೆ ತಗೊಂಡಿರೋ ಗುರುವಾರದ ಚೀಟಿ ಹರಿದು ಹಾಕ್ತೀನಿ. ಬೇಜಾರಿಲ್ಲ."

ಮರೈಕೆ ನೂರನೆಯ ಸಾಲಿನವರೆಗೂ, ಒಂದನ್ನೂ ಬಿಡದೆ ಓದಿದಳು.

"ಅವತ್ತು ಓದದೇ ಸಹಿ ಹಾಕಿದ್ದೆ. ಈಗ ಓದಿದೀನಿ," ಎಂದಳು. "ಸಹಿ ಹಾಗೇ ಇರ್ಲಿ."