ಪೆನಾಂಗಿನಲ್ಲಿ ಕಲಿತದ್ದು

ಜಪಾನಿನಿಂದ ಗೇರುಬೀಜ ಕೊಳ್ಳಲು ಬಂದ ತರುಣ ಕಾರಿನಿಂದ ಇಳಿದದ್ದೇ ತಡ, ಎಪ್ಪತ್ತೈದು ದಾಟಿದ ಇದ್ದಿನಬ್ಬ ಕುರ್ಚಿಯಿಂದ ಎದ್ದು, ಕೈಗಳನ್ನು ತೊಡೆಗೆ ಒತ್ತಿ, ಸೊಂಟದವರೆಗೆ ಬಾಗಿಬಿಟ್ಟರು. ಹಾರ ಹಿಡಿದು ನಿಂತಿದ್ದ ಮಗ ಅಬ್ದುಲ್ ಬೆರಗಾದ. 1999ರ ಆ ಬೆಳಿಗ್ಗೆ ಅವನ ಕಾರ್ಕಳದ ಕಾರ್ಖಾನೆಗೆ ಬಂದ ಮೊದಲ ವಿದೇಶಿ ಗಿರಾಕಿ ಈ ತರುಣ. ತರುಣ ಸಂತೋಷದಿಂದ ತಾನೂ ಬಾಗಿ ನೆಟ್ಟಗಾದ. ಮುದುಕರು ಮಾತ್ರ ಮೇಲೇಳಲಿಲ್ಲ. ಮೊಮ್ಮಗಳು ರಾಹಿಲಾ ಭುಜ ಹಿಡಿದು ಎತ್ತಬೇಕಾಯಿತು.

"ಇಷ್ಟು ಚೆನ್ನಾಗಿ ಎಲ್ಲಿ ಕಲಿತರು?" ಎಂದು ತರುಣ ಇಂಗ್ಲಿಷಿನಲ್ಲಿ ಕೇಳಿದ. ರಾಹಿಲಾ ಅಜ್ಜನಿಗೆ ಅದನ್ನು ತಿಳಿಸಿದಳು.

"ಮಲಯದ ಪೆನಾಂಗಿನಲ್ಲಿ, ಯುದ್ಧದ ಕಾಲದಲ್ಲಿ ಜಪಾನಿನವರು ಆ ಊರು ಹಿಡಿದಿದ್ದಾಗ," ಎಂದರು ಇದ್ದಿನಬ್ಬ. "ಇವರ ಮಿಲಿಟರಿ ಪೊಲೀಸರು, ಕೆಂಪೇತಾಯಿ ಅಂತ, ಅವರೇ ಕಲಿಸಿದ್ದು. ಬಾಗಲು ತಡ ಮಾಡಿದ ಅಂತ ನನ್ನ ಅಣ್ಣನನ್ನು ನಮ್ಮ ಅಂಗಡಿಯ ಎದುರೇ ಹೊಡೆದು ಕೊಂದರು. ಅವನಿಗೆ ಹೇಳು ಮಗಳೇ."

ಕೆಂಪೇತಾಯಿ ಎಂಬ ಮಾತು ಕಿವಿಗೆ ಬಿದ್ದದ್ದೇ ತರುಣನ ನಗು ಮಾಸಿತು. ಅವನು ರಾಹಿಲಾಳ ಮುಖ ನೋಡಿದ. ಅಬ್ದುಲ್ಲನೂ ನೋಡಿದ.

"ಅಲ್ಲಿ ಅಜ್ಜನಿಗೆ ಜಪಾನಿನ ಗೆಳೆಯರಿದ್ದರಂತೆ," ಎಂದಳು ಅವಳು ಇಂಗ್ಲಿಷಿನಲ್ಲಿ.

ಅದು ಸುಳ್ಳೆಂದು ತರುಣನಿಗೆ ಗೊತ್ತಾಗಿತ್ತು. ಆದರೂ ಮೆಲ್ಲಗೆ "ಥ್ಯಾಂಕ್ಯೂ" ಎಂದು ಅಬ್ದುಲ್ಲನ ಜೊತೆ ಒಳಗೆ ನಡೆದ.

"ಅವನು ಎಂತ ಹೇಳಿದ?" ಇದ್ದಿನಬ್ಬ ಕೇಳಿದರು.

"ತುಂಬಾ ಬೇಸರವಾಯಿತಂತೆ, ಅಜ್ಜ."

ಮುದುಕರ ಕಣ್ಣು ತುಂಬಿತು. "ಒಳ್ಳೆಯ ಹುಡುಗ," ಎಂದರು. "ಇಷ್ಟು ವರ್ಷಗಳಲ್ಲಿ ಇವನೊಬ್ಬನಾದರೂ ಹೇಳಿದ."