ಅರ್ಧ ಸ್ವರ ಮೇಲೆ

ಕೊನೆಯ ಪುಟ ಮುಗಿಯುವ ಮೊದಲೇ, ಕೃತಿ ಬರೆದ ಮೇಷ್ಟ್ರು ಎದ್ದು ನಿಂತು ಊರುಗೋಲಿನಿಂದ ನೆಲ ಕುಟ್ಟಿದರು. ತಾಲೀಮಿನ ಕೋಣೆಯಲ್ಲಿ ತಂತಿಗಳ ಮೇಲೆ ಆಡುತ್ತಿದ್ದ ಇಪ್ಪತ್ತೆರಡು ಕಮಾನುಗಳೂ ಒಟ್ಟಿಗೆ ನಿಂತವು.

"ಯಾರು ಕೆಡಿಸಿದ್ದು ಇದನ್ನ? ಮೇಲಿನ ಪಿಟೀಲುಗಳೆಲ್ಲ ಇಳಿದುಬಿಟ್ಟಿವೆ. ನಾನು ಬರೆದದ್ದು ಇದಲ್ಲ."

ವಾದ್ಯವೃಂದದ ನಿರ್ದೇಶಕ ಕಕ್ಕಾಬಿಕ್ಕಿಯಾದ. ಆಗಷ್ಟೇ ಸೆಲ್ಲೊ ನುಡಿಸುವ ಹೆಂಗಸು ಕಣ್ಣೊರೆಸಿಕೊಂಡಿದ್ದಳು. ಹನ್ನೆರಡು ನಿಮಿಷ ಯಾವ ಶ್ರುತಿಯಲ್ಲೂ ನಿಲ್ಲದೆ ಅಲೆಯುವ ಕೃತಿ ಅದು; ಅಷ್ಟು ಹೊತ್ತು ಯಾರು ಏನು ನುಡಿಸಿದರೂ ಆಧುನಿಕ ಎಂದು ನಡೆದುಹೋಗುತ್ತದೆ. ಕೊನೆಯ ಪುಟದಲ್ಲಿ ಮಾತ್ರ ತಂತಿಗಳೆಲ್ಲ ಒಂದೇ ಶ್ರುತಿಗೆ ಬಂದು ಸೇರಿ, ಮೇಷ್ಟ್ರ ಹೆಂಡತಿ ಬಟ್ಟೆ ಇಸ್ತ್ರಿ ಮಾಡುವಾಗ ಗುನುಗುತ್ತಿದ್ದ ನಾಲ್ಕು ಸಾಲು ಹಾಡುತ್ತವೆ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷ ಮೇಷ್ಟ್ರು ಬರೆದದ್ದು ಇದೊಂದನ್ನೇ.

"ತುಂಬಾ ಚೆನ್ನಾಗಿ ಬಂತಲ್ಲ, ಮೇಷ್ಟ್ರೇ?" ಎಂದ ನಿರ್ದೇಶಕ.

"ನನ್ನ ಹೆಂಡತಿ ದನಿ ನನಗೆ ಗೊತ್ತಿಲ್ವೇನಯ್ಯಾ?" ಮೇಷ್ಟ್ರು ಮತ್ತೆ ಊರುಗೋಲು ಕುಟ್ಟಿದರು. "ಅವಳೆಲ್ಲಿದಾಳೆ ಇದರಲ್ಲಿ?"

ವಯೋಲಾ ನುಡಿಸುವವರ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಮಗಳು ತಲೆ ತಗ್ಗಿಸಿದಳು. ಕೆಡಿಸಿದ್ದು ಅವಳೇ. ಅಪ್ಪನ ಕೈಬರಹ ನೋಡಿ ಒಬ್ಬೊಬ್ಬರ ಹಾಳೆಯನ್ನೂ ನಕಲು ಮಾಡುವುದು ಅವಳ ಕೆಲಸ. ಕೊನೆಯ ಪುಟದಲ್ಲಿ, ಎತ್ತರದಲ್ಲಿ ನುಡಿಸುವ ಮೊದಲ ಪಿಟೀಲಿನ ಸಾಲು ಪೂರ್ತಿ ಅರ್ಧ ಸ್ವರ ಮೇಲಿದ್ದದ್ದು ಕಂಡಾಗ ಅವಳಿಗೆ ಕಾರಣ ಹೊಳೆದಿತ್ತು. ಕಿವಿ ಡಾಕ್ಟರು ಅವಳೊಬ್ಬಳನ್ನೇ ಕರೆದು ಹೇಳಿದ್ದರು: ಎತ್ತರದ ಸ್ವರಗಳು ಇನ್ನು ಇವರಿಗೆ ತಗ್ಗಿ ಕೇಳಿಸುತ್ತವೆ, ಹಾಗೆ ಕೇಳಿಸುತ್ತಿದೆ ಎಂಬುದು ಇವರಿಗೆ ಗೊತ್ತಾಗುವುದೂ ಇಲ್ಲ. ತಮ್ಮ ಕಿವಿಗೆ ಸರಿ ಕೇಳಿಸುವ ಹಾಗೆ ಅಪ್ಪ ಅವನ್ನು ಏರಿಸಿ ಬರೆದಿದ್ದರು; ಅದನ್ನು ಅವರಿಗೆ ಹೇಳಲು ಬಾಯಿ ಬಂದಿರಲಿಲ್ಲ. ಜನರ ಮುಂದೆ ಅವರು ನಗೆಪಾಟಲಾಗಬಾರದೆಂದು ಸದ್ದಿಲ್ಲದೆ ಆ ಸ್ವರಗಳನ್ನು ಇಳಿಸಿ ಬರೆದಿದ್ದಳು. ಎಲ್ಲರಿಗೂ ಸರಿಹೋಯಿತು, ಅಪ್ಪನೊಬ್ಬರನ್ನು ಬಿಟ್ಟು.

"ನನ್ನ ತಪ್ಪು ಅಪ್ಪಾ, ನಕಲು ಮಾಡೋವಾಗ ಆಗಿದ್ದು," ಎನ್ನುತ್ತ ಎದ್ದವಳು ನಿರ್ದೇಶಕನ ಪಕ್ಕ ಹೋಗಿ ದನಿ ತಗ್ಗಿಸಿದಳು. "ಕೊನೇ ಪುಟ. ಮೊದಲ ಪಿಟೀಲು ಅರ್ಧ ಸ್ವರ ಮೇಲೆ ನುಡಿಸಲಿ."

"ತಲೆ ಕೆಟ್ಟಿದ್ಯಾ? ಕಿವಿ ಕಿತ್ತುಹೋಗುತ್ತೆ."

"ಹೋಗ್ಲಿ. ದಮ್ಮಯ್ಯ ಅಂತೀನಿ."

"ನಾಳೆ ಕಾರ್ಯಕ್ರಮದಲ್ಲೂನಾ?"

"ನಾಳೆ ಅವರು ಮುಂದಿನ ಸಾಲಲ್ಲೇ ಕೂತಿರ್ತಾರೆ."

ನಿರ್ದೇಶಕ ಮೇಷ್ಟ್ರನ್ನೊಮ್ಮೆ ನೋಡಿದ; ಅವಳು ತನ್ನ ಜಾಗಕ್ಕೆ ಮರಳಿದ ಮೇಲೆ ಮೊದಲ ಪಿಟೀಲಿನವರತ್ತ ಬಾಗಿ ವಿಷಯ ಹೇಳಿ ಕೈಯೆತ್ತಿದ.

ತಗಡಿನ ಮೇಲೆ ಮೊಳೆ ಗೀಚಿದ ಹಾಗೆ ಪಿಟೀಲುಗಳು ಕಿರುಚಿದವು. ಒಬ್ಬ ಮುಖ ಕಿವುಚಿದ. ಇನ್ನೊಬ್ಬನಿಗೆ ನಗು ಬಂತು, ಪಕ್ಕದವಳು ಮೊಣಕೈಯಲ್ಲಿ ತಿವಿದಳು. ಅಮ್ಮನ ಹಾಡು ಹೀಗೆ ಚಿಂದಿಯಾಗುವುದನ್ನು ಮಗಳಿಗೆ ಕೇಳಲಾಗಲಿಲ್ಲ. ಆದರೂ ಒಂದು ಸ್ವರವನ್ನೂ ಬಿಡದೆ ನುಡಿಸಿದಳು, ಅಳುತ್ತಲೇ ನುಡಿಸಿದಳು.

ಮೇಷ್ಟ್ರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಹುಬ್ಬಿನ ಗಂಟು ಬಿಚ್ಚಿಕೊಂಡಿತು. ನುಡಿಸಿ ಮುಗಿದ ಮೇಲೆ ಅವರು ಮಗಳ ಕಡೆ ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ ನಕ್ಕರು.

"ನಾಳೆ ಜನಕ್ಕೆಲ್ಲ ಗೊತ್ತಾಗುತ್ತೆ ಕಣಮ್ಮಾ," ಎಂದರು, "ನಿಮ್ಮಮ್ಮನ ದನಿ ಎಷ್ಟು ಇಂಪಾಗಿತ್ತು ಅಂತ."