ಮಣ್ಣಿನ ದಿಬ್ಬ

ಕೆಂಟಕಿ ಕಾಡಿನ ಹುಲ್ಲಿನಲ್ಲಿ ಬಿದ್ದಿದ್ದ ಖಾಲಿ ತೋಟಾಗಳನ್ನು ಆರ್ಡಿತ್ ಕಾಫಿ ಡಬ್ಬಿಗೆ ಆಯ್ದು ಹಾಕುತ್ತಿದ್ದಳು. ಗಂಡ ವರ್ಲಿನ್ ಗುರಿ ಅಭ್ಯಾಸ ಮುಗಿಸಿ ಬಂದೂಕು ಒರೆಸುತ್ತಿದ್ದ.

"ನಿಮ್ಮಪ್ಪ ಕೆಲಸ ಮಾಡೋ ಶೂಟಿಂಗ್ ರೇಂಜಲ್ಲಿ ಸೀಟಿ ಊದದೆ ಕೆಮ್ಮೋ ಹಾಗೂ ಇಲ್ಲ. ಇಲ್ಲಿ ನೋಡು, ಎಷ್ಟು ಆರಾಮು."

"ಅಲ್ಲಿ ಗುಂಡು ತಡೆಯೋಕೆ ಗುರಿ ಹಿಂದೆ ಮಣ್ಣಿನ ದಿಬ್ಬ ಇರುತ್ತೆ. ಇಲ್ಲಿ ಬರೀ ಪೊದೆ."

"ಪೊದೆಗೇನು ನೋವಾಗುತ್ತೇನೇ?"

ಅಷ್ಟರಲ್ಲಿ ಅಪ್ಪನ ನಾಯಿ ಆ ಪೊದೆಯೊಳಗಿಂದಲೇ ಒಂಟಿಯಾಗಿ ಬಂತು. ಅಪ್ಪ ಅದನ್ನು ಕರೆದುಕೊಂಡು ಅಕ್ರೋಟು ಆಯಲು ಹಳ್ಳದ ಆಚೆ ಹೋಗಿದ್ದ. ಇನ್ನೂ ಅಲ್ಲೇ ಇದ್ದಾನೆಂದು ಇಬ್ಬರೂ ತಿಳಿದಿದ್ದರು. ನಾಯಿಯ ಬಿಳಿ ಎದೆಯೆಲ್ಲ ರಕ್ತ. ಆರ್ಡಿತ್ ಅದರ ಮೈಯೆಲ್ಲ ತಡವಿದಳು. ಎಲ್ಲೂ ಗಾಯವಿರಲಿಲ್ಲ.

ವರ್ಲಿನ್ ಒರೆಸುವುದನ್ನು ನಿಲ್ಲಿಸಿದ. ಅವಳು ಪೊದೆಯತ್ತ ತಿರುಗಿದಳು.

"ಅಪ್ಪಾ, ಒಂದ್ಸಲ ಓ ಅನ್ನು."